ಮ್ಯಾನ್‌ಹಂಟ್ 2: ಮಾರ್ಪಡಿಸಿದ ಪಿಎಸ್‌ಪಿಯೋ, ಕಂಪ್ಯೂಟರೋ?

2007ರಲ್ಲಿ ಅಮೆರಿಕದ ರೇಟಿಂಗ್ ಮಂಡಳಿ ‘ಮ್ಯಾನ್‌ಹಂಟ್ 2’ ಎಂಬ ವಿಡಿಯೊ ಗೇಮ್‌ಗೆ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಒತ್ತಿತು. ಆ ದರ್ಜೆಯ ಆಟಗಳಿಗೆ ಸೋನಿ, ನಿಂಟೆಂಡೊ ತಮ್ಮ ಕನ್ಸೋಲ್‌ಗಳಲ್ಲಿ (ಗೇಮ್ ಆಡುವ ಯಂತ್ರಗಳಲ್ಲಿ) ಜಾಗ ಕೊಡುತ್ತಿರಲಿಲ್ಲ. ಹಾಗಾಗಿ ಅಂಗಡಿಗೆ ಬಂದ ಪ್ರತಿಯಲ್ಲಿ ಕೊಲೆಯ ದೃಶ್ಯಗಳು ಮಸುಕಾದವು. ತೆರೆಯ ಮೇಲೆ ಏನಾಗುತ್ತಿದೆ ಎಂಬುದೇ ಸರಿಯಾಗಿ ಕಾಣದು.

ಒಳಗಿನ ತಂತ್ರಾಂಶ ಮಾರ್ಪಡಿಸಿದ ಪಿಎಸ್‌ಪಿಯಲ್ಲಿ (ಕೈಯಲ್ಲಿ ಹಿಡಿದು ಆಡುವ ಸೋನಿಯ ಯಂತ್ರ) ಕೆಲವು ದೃಶ್ಯಗಳ ಮಸುಕನ್ನು ತೆಗೆಯಬಹುದೆಂದು ಆಟಗಾರರು ಬೇಗನೆ ಕಂಡುಕೊಂಡರು. ಆದರೆ ಅದರಿಂದ ಮೂಲ ಆವೃತ್ತಿ ಪೂರ್ತಿ ಮರಳುವುದಿಲ್ಲ ಎಂಬುದು ಪ್ರಕಾಶಕರ ವಾದವಾಗಿತ್ತು. ಮಾರ್ಪಾಡು ಎಡವಿದರೆ ಯಂತ್ರವೇ ಕೆಟ್ಟೀತು.

2009ರಲ್ಲಿ ಉತ್ತರ ಅಮೆರಿಕದಲ್ಲಿ ಕಂಪ್ಯೂಟರ್‌ಗೆ ಬಂದದ್ದು ಕತ್ತರಿ ಬೀಳದ ಆವೃತ್ತಿ. ಯಂತ್ರ ತಿದ್ದುವ ಗೊಡವೆಯಿಲ್ಲ. ವಯಸ್ಕರು ಆಡಲೇಬೇಕೆಂದಿದ್ದರೆ ನನ್ನ ಮತ ಇದಕ್ಕೇ. ಪಿಎಸ್‌ಪಿಯ ದಾರಿ, ಆಟಕ್ಕಿಂತ ರಿಪೇರಿಯನ್ನೇ ಹೆಚ್ಚು ಇಷ್ಟಪಡುವವರಿಗೆ.