ನಾಲ್ಕು ವರ್ಷ ಈಜಿದ ಮೇಲೆ: ನೀರಿಗೆ ಫುಲ್ ಮಾರ್ಕ್ಸ್, ಛಾವಣಿಗೆ ಇಲ್ಲ

ನಾನು ಸೋರೆಬುರುಡೆ ಕಟ್ಟಿಕೊಂಡು ಗದಗಿನ ಕಡೆ ತೋಟದ ಬಾವಿಯಲ್ಲಿ ಈಜು ಕಲಿತವನು. ಪುಣೆಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಬಾಲೆವಾಡಿ ಸಂಕೀರ್ಣ ಮನೆಗೆ ದೂರ ಅಂತ ಹತ್ತಿರದ ಈ ಹೊಸ ಒಳಾಂಗಣ ಪೂಲ್‌ಗೆ ಸೇರಿದೆ. ನಾಲ್ಕು ವರ್ಷ ಆಯ್ತು.

ಮೊದಲು ಒಳ್ಳೆಯದು. 25 ಮೀಟರ್ ಉದ್ದ, ಲೇನ್ ಒಂದಕ್ಕೆ 2.5 ಮೀಟರ್ ಅಗಲ, ಆಳ ಉದ್ದಕ್ಕೂ 2 ಮೀಟರ್. ನೀರು ಅಂಚಿನವರೆಗೂ ತುಂಬಿ, ಪಕ್ಕದ ಜಾಲರಿ ಚರಂಡಿಗೆ ಹರಿದು, ಬ್ಯಾಲೆನ್ಸಿಂಗ್ ಟ್ಯಾಂಕ್ ಸೇರಿ, ಫಿಲ್ಟರ್ ಆಗಿ ವಾಪಸ್ ಬರುತ್ತದೆ. ಹಾಗಾಗಿ ಪಕ್ಕದ ಲೇನ್‌ನವನು ಎಷ್ಟೇ ಕೈಕಾಲು ಬಡಿದರೂ ಅಲೆ ಗೋಡೆಗೆ ಹೊಡೆದು ನಮ್ಮ ಬಾಯಿಗೆ ನುಗ್ಗುವುದಿಲ್ಲ. ನಮ್ಮ ಬಾವಿಯಲ್ಲಿ ಒಬ್ಬ ಹಾರಿದರೆ ಎಲ್ಲರೂ ನೀರು ಕುಡಿಯುತ್ತಿದ್ದೆವು!

ಬೆನ್ನ ಮೇಲೆ ಈಜುವವರಿಗೆ ಗೋಡೆ ಹತ್ತಿರ ಬಂತು ಅಂತ ತಿಳಿಯಲು ಮೇಲೆ ಕಟ್ಟುವ ಬ್ಯಾಕ್‌ಸ್ಟ್ರೋಕ್ ಬಾವುಟಗಳು ಗೋಡೆಯಿಂದ 5 ಮೀಟರ್ ದೂರದಲ್ಲಿ ಇರಬೇಕು, ಅಲ್ವಾ? ಮೊದಲ ವರ್ಷ 4ಕ್ಕೇ ಕಟ್ಟಿದ್ದರು. ನಾನು ರೂಢಿಯಂತೆ ಬಾವುಟ ಕಂಡ ಮೇಲೆ ಎಷ್ಟು ಕೈ ಬೀಸಬೇಕು ಅಂತ ಎಣಿಸಿಕೊಂಡು ಹೋಗಿ ಗೋಡೆಗೆ ತಲೆ ಬಡಿಸಿಕೊಂಡೆ. ದೂರು ಕೊಟ್ಟ ಮೇಲೆ ಸರಿಮಾಡಿದರು.

ದಡದ ಕಥೆ ಬೇರೆ. ಮೂರನೇ ಲೇನ್ ಎದುರು ಯಾವಾಗಲೂ ಒಂದು ಬೊಗಸೆ ನೀರು ನಿಂತೇ ಇರುತ್ತದೆ. ಟೈಲ್ಸ್ ಬದಲಿಸಲು ಬಂದ ಮೇಸ್ತ್ರಿ ನಮ್ಮ ಕಡೆಯವನೇ. "ಸರ, ವಾಟಾನ ಕೊಟ್ಟಿಲ್ರಿ, ಟೈಲ್ಸ್ ಏನ್ ಮಾಡ್ತಾವ?" ಅಂದ. ವಾಟ ಅಂದರೆ ನೀರು ಹರಿದು ಹೋಗಲು ಕೊಡುವ ಇಳಿಜಾರು.

ನನ್ನ ನಿಜವಾದ ತಕರಾರು ಗಾಳಿಯದ್ದು. ಚೇಂಜಿಂಗ್ ರೂಮಿನಿಂದ ನೇರ ಪೂಲ್‌ಗೆ ಬಾಗಿಲು ಇಟ್ಟು ಶವರ್‌ಗಳನ್ನು ಇನ್ನೊಂದು ಮೂಲೆಗೆ ಹಾಕಿದ್ದಾರೆ, ಹೀಗಾಗಿ ಮೈ ತೊಳೆಯದೆ ಇಳಿಯುವವರೇ ಜಾಸ್ತಿ. ಕಣ್ಣು ಉರಿಸುವ ಆ ವಾಸನೆ ಕ್ಲೋರಿನ್‌ದಲ್ಲ, ಕ್ಲೋರಿನ್ ಬೆವರು-ಮೂತ್ರದ ಜೊತೆ ಸೇರಿ ಆಗುವ ಕ್ಲೋರಮೈನ್‌ದು. ಅದು ನೀರಿನ ಮೇಲೇ, ನಾವು ಉಸಿರೆಳೆಯುವ ಮಟ್ಟದಲ್ಲೇ ಕೂತಿರುತ್ತದೆ. ಇಲ್ಲಿನ ಎಕ್ಸಾಸ್ಟ್ ಫ್ಯಾನ್‌ಗಳು ಛಾವಣಿ ಹತ್ತಿರ ಸುಮ್ನೆ ತಿರುಗುತ್ತವೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರಂತೂ ಮೇಲಿನಿಂದ ತಣ್ಣಗೆ ಹನಿ ತೊಟ್ಟಿಕ್ಕುತ್ತದೆ.

ಕಳೆದ ವರ್ಷದಿಂದ ಛಾವಣಿಯ ಬೋಲ್ಟ್‌ಗಳ ಸುತ್ತ ಕೆಂಪು ಕಲೆ ಬಿದ್ದಿದೆ. ಆಫೀಸಿನಲ್ಲಿ ಹೇಳಿದರೆ "ಸ್ಟೇನ್‌ಲೆಸ್ ಸ್ಟೀಲ್ ಸರ್, ಏನೂ ಆಗಲ್ಲ" ಅಂತ ನಕ್ಕರು. ಸ್ವಿಟ್ಜರ್ಲೆಂಡಿನ ಉಸ್ಟರ್‌ನಲ್ಲಿ 1985ರಲ್ಲಿ ಪೂಲ್‌ನ ಕಾಂಕ್ರೀಟ್ ಛಾವಣಿ ಕುಸಿದು 12 ಜನ ಸತ್ತರು. ಅದನ್ನು ಹಿಡಿದಿದ್ದ ಸಲಾಕೆಗಳೂ ಸ್ಟೇನ್‌ಲೆಸ್ ಸ್ಟೀಲಿನವೇ. ಪೂಲ್‌ನ ಗಾಳಿಯೇ ಅವನ್ನು ಒಳಗೊಳಗೇ ಸೀಳಿತ್ತು. ಒಬ್ಬ ಇಂಜಿನಿಯರ್‌ಗೆ ತೋರಿಸಿ ಅಂತ ಬರೆದು ಕೊಟ್ಟು ಬಂದಿದ್ದೇನೆ.

ಈ ಸಲ ವರ್ಷದ ಬದಲು ಮೂರು ತಿಂಗಳಿಗಷ್ಟೇ ದುಡ್ಡು ಕಟ್ಟಿದೆ. ಬ್ಯಾಕ್‌ಸ್ಟ್ರೋಕ್ ಮಾಡುವಾಗ ಬಾವುಟ ನೋಡುವುದು ಬಿಟ್ಟು ಆ ಬೋಲ್ಟ್‌ಗಳನ್ನೇ ಎಣಿಸುತ್ತಿರುತ್ತೇನೆ.