ಓಬಿಡಿ ಡಾಂಗಲ್: ಬಹಳ ದಿನ ಬಳಸಿದ ಮೇಲಿನ ಮಾತು

ಎಂಜಿನ್ ಬಿಸಿ ನೋಡೋಕೆ ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಓಬಿಡಿ ಪೋರ್ಟಿಗೆ ಚುಚ್ಚಿದರೆ ಎಂಜಿನ್ನಿನ ಅಂಕಿಗಳನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ) ತಗೋಬಹುದಾ ಅಂದರೆ, ಧಾರಾಳವಾಗಿ ತಗೊಳ್ಳಿ. ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಬರುವ ಕಿಣಿಕಿಣಿ ಸದ್ದು) ಹಿಡಿಯೋಕೆ ಅಂದರೆ ಅರ್ಧ ಕೆಲಸ ಮಾತ್ರ ಅದರದ್ದು, ಉಳಿದರ್ಧ ನಿಮ್ಮ ಕಿವಿಯದ್ದು.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಶಿರಾಡಿ ಘಾಟಿಯಲ್ಲಿ ಎಸಿ ಹಾಕಿಕೊಂಡು ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಕಿಣಿಕಿಣಿ ಸದ್ದು. ಕಾಲು ತೆಗೆದರೆ ಮಾಯ. ಪೆಟ್ರೋಲ್ ಕಲಬೆರಕೆ ಇರಬೇಕು ಎಂದರು ಒಬ್ಬರು. ಗ್ಯಾರೇಜಿನವರು ಕಾರ್ಬನ್ ಕ್ಲೀನಿಂಗ್ ಮಾಡಿಸಿ ಎಂದರು. ಬಿಸಿಯ ಮೇಲೆ ಯಾರಿಗೂ ಅನುಮಾನವಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯದಲ್ಲೇ ಇತ್ತಲ್ಲ!

ಆ ಮುಳ್ಳನ್ನು ಜಾಸ್ತಿ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ಕದಲುವುದಿಲ್ಲ. ಡಾಂಗಲ್ ತೋರಿಸುವುದು ಸೆನ್ಸರ್‌ನ ಅಸಲಿ ಅಂಕಿ. ಬಯಲಲ್ಲಿ 92 ಡಿಗ್ರಿ, ಅರ್ಧ ಘಾಟಿ ಹತ್ತುವಷ್ಟರಲ್ಲಿ 107. ಪಕ್ಕದಲ್ಲೇ ಇಗ್ನಿಷನ್ ಟೈಮಿಂಗ್ ಕೂಡ ತೆರೆದಿಟ್ಟಿದ್ದೆ. ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಅನ್ನೋ ಅಂಕಿ ಅದು. ಏರಿನಲ್ಲಿ ಅದು ಇಳಿಯುವುದು ಮಾಮೂಲಿ. ಆದರೆ ಅದೇ ಗೇರ್, ಅಂಥದ್ದೇ ಏರು, ಎಂಜಿನ್ ಬಿಸಿ 95ರಲ್ಲಿದ್ದಾಗ ಟೈಮಿಂಗ್ 16 ಡಿಗ್ರಿ ಇದ್ದದ್ದು 107ಕ್ಕೆ ಬಂದಾಗ 9. ನಾಕಿಂಗ್ ತಡೆಯೋಕೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕಿಡಿ ಹಾರಿಸುವುದನ್ನು ತಡಮಾಡುತ್ತಿತ್ತು. ಎಂಜಿನ್ ಬಿಸಿಯಾದಷ್ಟೂ ಸಿಲಿಂಡರಿನ ಮೂಲೆಯ ಪೆಟ್ರೋಲ್, ಉರಿ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ನನ್ನ ಗಾಡಿಯಲ್ಲಿ ಬಿಸಿ, ನಾಕಿಂಗ್ ಎರಡೂ ಒಂದೇ ಕಾಯಿಲೆ.

ಕಾಯಿಲೆ ಎಲ್ಲಿದೆ ಅಂತ ಡಾಂಗಲ್ ಹೇಳಲಿಲ್ಲ. ಎರರ್ ಕೋಡ್ ಒಂದೂ ಇರಲಿಲ್ಲ. ಸಕಲೇಶಪುರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಫ್ಯಾನ್ ಜೋರಾಗಿ ತಿರುಗುತ್ತಿದೆ. ರೇಡಿಯೇಟರಿನ ಮೇಲಿನ ಹೋಸ್ ಮುಟ್ಟೋಕಾಗದಷ್ಟು ಬಿಸಿ, ಕೆಳಗಿನದು ಬರೀ ಉಗುರುಬೆಚ್ಚಗೆ. ಒಳಗೆ ನೀರು ಸರಿಯಾಗಿ ಓಡುತ್ತಿಲ್ಲ ಎಂದಾಯ್ತು ಅಲ್ವಾ? ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಬಿಚ್ಚಿಸಿದರೆ ಅದರ ಮೇಲೆಲ್ಲ ಬಿಳಿ ಸುಣ್ಣದ ಪದರ. ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿದರೆ ಆಗುವುದೇ ಇದು. ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿದಾಗಲೂ ವಾಲ್ವ್ ತೆರೆದದ್ದು ಕೂದಲೆಳೆಯಷ್ಟು. ಹೊಸದು ಹಾಕಿಸಿ, ರೇಡಿಯೇಟರ್ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟ್ ತುಂಬಿಸಿದೆ. ಈಗ ಅದೇ ಘಾಟಿಯಲ್ಲಿ 98 ದಾಟುವುದಿಲ್ಲ. ಕಿಣಿಕಿಣಿಯೂ ಇಲ್ಲ.

ಡಾಂಗಲ್‌ನ ತಕರಾರುಗಳೂ ಇವೆ. ಒಂದೇ ಸಲ ಐದಾರು ಅಂಕಿ ತೆರೆದರೆ ಎಲ್ಲವೂ ನಿಧಾನ. ಎರಡೋ ಮೂರೋ ಸಾಕು. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಿತ್ತಿಡಿ, ಬ್ಯಾಟರಿ ಹೀರುತ್ತದೆ. ಅಗ್ಗದ ಬ್ಲೂಟೂತ್ ಡಾಂಗಲ್‌ಗಳು ಎಷ್ಟೋ ಸಲ ಐಫೋನಿಗೆ ಕೂಡಿಕೊಳ್ಳುವುದಿಲ್ಲ, ಕೇಳಿಯೇ ತಗೊಳ್ಳಿ. ಇನ್ನು, ಸದ್ದು ಕಿಣಿಕಿಣಿ ಅಲ್ಲದೆ ಎಂಜಿನ್ ಕೆಳಗಿನಿಂದ ದಡದಡ ಅಂತ ಬರುತ್ತಿದ್ದರೆ, ಜೊತೆಗೆ ಆಯಿಲ್ ದೀಪವೂ ಮಿನುಗಿದರೆ, ಅದು ಬೇರಿಂಗ್ ಸವೆದದ್ದಿರಬಹುದು. ಫೋನ್ ಬದಿಗಿಟ್ಟು ಎಂಜಿನ್ ಆಫ್ ಮಾಡಿ, ಗಾಡಿ ಟೋ ಮಾಡಿಸಿ.