ಔಟ್‌ಬ್ಯಾಕ್‌ನಲ್ಲಿ ಕ್ಯಾನ್ವಾಸ್ ಸ್ವ್ಯಾಗ್: ಕೆಲವು ವರ್ಷಗಳ ಬಳಕೆಯ ನಂತರ

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಔಟ್‌ಬ್ಯಾಕ್‌ಗೆ, ಅಂದರೆ ಜನವಿರಳ ಒಳನಾಡಿಗೆ, ಉತ್ತರದ ಮರುಭೂಮಿಯ ಕಡೆ ಹೊರಟಾಗ ನಾವು ಈಗ ಡೇರೆ ಒಯ್ಯುವುದಿಲ್ಲ. ಸ್ವ್ಯಾಗ್ ಸಾಕು. ದಪ್ಪ ಕ್ಯಾನ್ವಾಸ್ ಹೊದಿಕೆಯೊಳಗೇ ಫೋಮ್ ಹಾಸಿಗೆ, ಮೇಲೆ ಸೊಳ್ಳೆಜಾಲರಿ, ಎತ್ತಿ ಹಿಡಿಯಲು ಕಮಾನು ಕಡ್ಡಿಗಳು. ಸುತ್ತಿದರೆ ಒಂದು ಸುರುಳಿ. ನಮ್ಮದು ಇಬ್ಬರು ಮಲಗುವಂಥದ್ದು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ, ತಳಕ್ಕೆ ಪಿವಿಸಿ.

ಕೊಂಡ ತಕ್ಷಣ ಮಾಡಬೇಕಾದ ಕೆಲಸವೊಂದಿದೆ. ಹಿತ್ತಲಲ್ಲಿ ಬಿಡಿಸಿ, ಪೈಪಿನಿಂದ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಬೇಕು. ಎರಡು ಮೂರು ಸಲ. ನೀರು ಕುಡಿದ ದಾರ ಉಬ್ಬಿ ಹೊಲಿಗೆಯ ತೂತುಗಳನ್ನು ಮುಚ್ಚುತ್ತದೆ. ಇದನ್ನು ಬಿಟ್ಟು ನೇರವಾಗಿ ಪ್ರಯಾಣಕ್ಕೆ ಒಯ್ದರೆ ಮೊದಲ ಮಳೆಗೇ ಹೊಲಿಗೆಯಲ್ಲಿ ನೀರು ಜಿನುಗಬಹುದು.

ಸ್ವ್ಯಾಗ್‌ನ ನಿಜವಾದ ಬೆಲೆ ನನಗೆ ತಿಳಿದದ್ದು ಊಡ್ನಡಾಟಾ ಟ್ರ್ಯಾಕ್‌ನಲ್ಲಿ. ಮರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ರಸ್ತೆ. ಪಕ್ಕದಲ್ಲೇ 1980ರಲ್ಲಿ ನಿಂತುಹೋದ ಹಳೆಯ ಘಾನ್ ರೈಲುಮಾರ್ಗದ ಅವಶೇಷಗಳು. ಕಲ್ಲು ತುಂಬಿದ ಆ ಬಯಲಿನಲ್ಲಿ ಡೇರೆಯ ಗೂಟ ಇಳಿಯುವುದೇ ಕಷ್ಟ, ಗಾಳಿಗೆ ತಡೆಯೊಡ್ಡುವ ಮರವೂ ಅಪರೂಪ. ಸ್ವ್ಯಾಗ್ ನೆಲಕ್ಕೆ ಅಂಟಿಕೊಂಡಿರುತ್ತದೆ, ಮಲಗಿದವರ ಭಾರವೇ ಅದನ್ನು ಹಿಡಿದಿಡುತ್ತದೆ. ಜುಲೈ ತಿಂಗಳ ರಾತ್ರಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿದಾಗಲೂ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಜೊತೆಗಿದ್ದರೆ ಬೆಚ್ಚಗೆ ನಿದ್ರಿಸಬಹುದು. ಎಷ್ಟೇ ಚಳಿಯಿದ್ದರೂ ತಲೆಯ ಕಡೆಯ ಗಾಳಿಕಿಂಡಿಯನ್ನು ಮುಚ್ಚಬೇಡಿ. ಮುಚ್ಚಿದರೆ ಉಸಿರಿನ ತೇವ ಒಳಗೇ ಹನಿಗಟ್ಟುತ್ತದೆ. ಮೇಲಿನ ಕ್ಯಾನ್ವಾಸ್ ಸರಿಸಿ ಜಾಲರಿಯಷ್ಟನ್ನೇ ಉಳಿಸಿಕೊಂಡು ಕ್ಷೀರಪಥ ನೋಡುತ್ತಾ ಮಲಗುವ ಸುಖಕ್ಕೆ ಮಾತ್ರ ನಾನು ಯಾವ ಐಷಾರಾಮಿ ಕೋಣೆಯನ್ನೂ ಬದಲಿಗೆ ಒಪ್ಪಲಾರೆ.

ಕ್ಯಾನ್ವಾಸ್ ಇಂದಿಗೂ ಗಟ್ಟಿಯಾಗಿದೆ, ಕೆಮ್ಮಣ್ಣಿನ ಕಲೆ ಹೋಗದು ಅಷ್ಟೇ. ಮೊದಲು ಸೋತದ್ದು ಜಾಲರಿಯ ಜಿಪ್. ಅಲ್ಲಿನವರು ಬುಲ್‌ಡಸ್ಟ್ ಎನ್ನುವ ಹಿಟ್ಟಿನಷ್ಟು ನುಣ್ಣನೆಯ ಧೂಳು ಹಲ್ಲುಗಳ ನಡುವೆ ಕುಳಿತು ಅದನ್ನು ಸವೆಸಿಬಿಟ್ಟಿತು. ಇಷ್ಟು ಬೆಲೆಯ ವಸ್ತುವಿಗೆ ಅಷ್ಟು ತೆಳ್ಳನೆಯ ಜಿಪ್ ಹಾಕಿದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಹೊಸದನ್ನು ಹೊಲಿಸಿದ ಮೇಲೆ ದಿನವೂ ಬ್ರಷ್‌ನಿಂದ ಧೂಳು ತೆಗೆಯುತ್ತೇವೆ. ಕ್ಯಾನ್ವಾಸನ್ನು ಸೋಪಿನಿಂದ ತೊಳೆಯಬೇಡಿ, ನೀರು ತಡೆಯುವ ಲೇಪ ಹೋಗುತ್ತದೆ. ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಖಚಿತ.

ತೂಕವೂ ಗಾತ್ರವೂ ಹೆಚ್ಚು. ನಮ್ಮದಂತೂ ಕಾರಿನ ಮೇಲಿನ ರ‍್ಯಾಕ್‌ನಲ್ಲೇ ಪ್ರಯಾಣಿಸುತ್ತದೆ. ದೇಶದ ಉತ್ತರ ತುದಿಯ ಡಾರ್ವಿನ್ ನಗರದ ಕಡೆಯ ಮಳೆಗಾಲಕ್ಕೆ ಇದು ತಕ್ಕದ್ದಲ್ಲ, ಒಣಗಿಸಲು ಬಿಸಿಲೇ ಸಿಗುವುದಿಲ್ಲ. ಎಲ್ಲಿ ಹಾಸುತ್ತೀರಿ ಎಂಬುದನ್ನೂ ನೋಡಿಕೊಳ್ಳಿ: ರಿವರ್ ರೆಡ್ ಗಮ್ ಮರಗಳು ಗಾಳಿಯಿಲ್ಲದಾಗಲೂ ದೊಡ್ಡ ಕೊಂಬೆ ಉದುರಿಸುತ್ತವೆ, ಒಣಗಿದ ಹಳ್ಳದ ಪಾತ್ರದಲ್ಲಿ ದೂರದ ಮಳೆಯ ನೀರು ಏಕಾಏಕಿ ನುಗ್ಗಬಹುದು. ಅಂಗಡಿಗೆ ಹೋದಾಗ ಬಟ್ಟೆಯ ದಪ್ಪಕ್ಕಿಂತ ಮೊದಲು ಜಿಪ್‌ಗಳನ್ನು ಎಳೆದು ನೋಡಿ. ಹಲ್ಲು ದೊಡ್ಡದಿರುವುದನ್ನೇ ಆರಿಸಿಕೊಳ್ಳಿ.